ಶಿಬಿರಾಧಿಕಾರಿ ಮೀಮಾಂಸೆ: ಎನ್ನೆಸ್ಸೆಸ್ ಸಿಬ್ಬಂದಿಯ ಉತ್ಪತ್ತಿ, ಸ್ಥಿತಿ, ಲಯ

ವೀರಗಲ್ಲು, ಮಾಸ್ತಿಕಲ್ಲುಗಳ ಮೇಲೆ ಕನ್ನಡದಲ್ಲಿ ಸಂಶೋಧನೆಗೆ ಬರವಿಲ್ಲ. ಹಂದಿಯ ಮೇಲೆ ಬಿದ್ದು ಸತ್ತ ಕಾಳಿ ಎಂಬ ನಾಯಿಗೂ ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲೇ ಕಲ್ಲು ನಿಲ್ಲಿಸಿದ ನಾಡು ಇದು. ಆದರೆ ಏಳು ರಾತ್ರಿ ಸರ್ಕಾರಿ ಶಾಲೆಯ ಜಮಖಾನದ ಮೇಲೆ ಹೊರಳಾಡಿ, ಪರರ ಐವತ್ತು ಮಕ್ಕಳನ್ನು ಕಾದು, ಎಂಟನೆಯ ದಿನ ಬೆಳಿಗ್ಗೆ ಏನೂ ಆಗದವನಂತೆ ಮೊದಲ ಪಿರಿಯಡ್‌ಗೆ ಹೋದ ಎನ್ನೆಸ್ಸೆಸ್ ಅಧಿಕಾರಿಗೆ ಯಾರೂ ಒಂದು ಜಲ್ಲಿಕಲ್ಲನ್ನೂ ನೆಟ್ಟಿಲ್ಲ. ಈ ಅನ್ಯಾಯವನ್ನು ವಿದ್ವಲ್ಲೋಕದ ಗಮನಕ್ಕೆ ತರುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್ನೆಸ್ಸೆಸ್ಸಿನ, ವಾರ್ಷಿಕ ವಿಶೇಷ ಶಿಬಿರದಲ್ಲಿ ವಿದ್ಯಾರ್ಥಿಗಳು ಸೇವೆ ಮಾಡುತ್ತಾರೆ, ಹಳ್ಳಿಯವರು ಸೇವೆ ಪಡೆಯುತ್ತಾರೆ, ಸಿಬ್ಬಂದಿ ಮೇಲ್ವಿಚಾರಣೆ ನಡೆಸುತ್ತಾರೆ ಎಂಬುದು ಜನಜನಿತ ನಂಬಿಕೆ. ಆಹ್ವಾನ ಪತ್ರಿಕೆ, ಫ್ಲೆಕ್ಸು, ಸಮಾರೋಪ ಭಾಷಣ, ಮೂರರಲ್ಲೂ ಇದೇ ಮಾತು. ಮೂರು ವಾಕ್ಯವೂ ತಲೆಕೆಳಗಾಗಿವೆ ಎಂಬುದು ನಮ್ಮ ಸಿದ್ಧಾಂತ. ಇದನ್ನು ಸಾಧಿಸಲು ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಾಚೀನರ ಪ್ರಮಾಣಗಳ ಜೊತೆಗೆ ಆಧುನಿಕರು ಒಪ್ಪಿದ ಇನ್ನೆರಡನ್ನು, ಅಂದರೆ ವೋಚರ್ ಮತ್ತು ಜಿಯೋಟ್ಯಾಗ್ ಫೋಟೋಗಳನ್ನು ಬಳಸಿಕೊಂಡಿದ್ದೇವೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನಾಗರಭಾವಿಯ ನ್ಯಾಕ್ ಕಚೇರಿಯ ಕಡೆ ಮುಖ ಮಾಡಿ ಕೂತ ಯಾವ ಕಾಲೇಜನ್ನಾದರೂ ಕೇಳಿ ನೋಡಿ: ಅಕ್ಷಾಂಶ ರೇಖಾಂಶವಿಲ್ಲದ ಪುಣ್ಯಕಾರ್ಯ ನಡೆದೇ ಇಲ್ಲ.

ಇತಿಹಾಸ

1948–49ರ ರಾಧಾಕೃಷ್ಣನ್ ಆಯೋಗ, ವಿದ್ಯಾರ್ಥಿಗಳು ಸ್ವಂತ ಇಷ್ಟದಿಂದ ರಾಷ್ಟ್ರಸೇವೆಗೆ ಇಳಿಯಲಿ ಎಂದಿತು. ಹತ್ತು ವರ್ಷ ಕಳೆದ ಮೇಲೆ ಸಿ.ಡಿ. ದೇಶಮುಖ್ ಸಮಿತಿ, ಇಷ್ಟಕ್ಕೆ ಬಿಟ್ಟರೆ ಕೆಲಸ ಕೆಡುತ್ತದೆ, ಕಾಲೇಜು ಮೆಟ್ಟಿಲು ಹತ್ತುವ ಮೊದಲು ಒಂಬತ್ತು ತಿಂಗಳಿಂದ ಒಂದು ವರ್ಷ ಕಡ್ಡಾಯ ಮಾಡಿಬಿಡಿ ಎಂದಿತು. ಕೆ.ಜಿ. ಸೈಯದೈನ್ ಹಲವು ದೇಶಗಳ ಪದ್ಧತಿ ಅಭ್ಯಾಸ ಮಾಡಿ 1960ರಲ್ಲಿ, ಕಡ್ಡಾಯ ಬೇಡ, ಇಷ್ಟವೇ ಇರಲಿ ಎಂದರು. ಆಮೇಲೆ ಕೊಠಾರಿ ಆಯೋಗವೂ ತನ್ನ ಮಾತು ಸೇರಿಸಿತು. ಕೊನೆಗೆ ಗಾಂಧಿ ಶತಮಾನೋತ್ಸವದ ಹೊತ್ತಿಗೆ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಡನೆ ಯೋಜನೆ ಶುರುವಾಯಿತು. ಶುರು ಮಾಡಿದ ಶಿಕ್ಷಣ ಸಚಿವರು ವಿ.ಕೆ.ಆರ್.ವಿ. ರಾವ್, ಲೋಕಸಭೆಗೆ ಹೋಗಿದ್ದು ನಮ್ಮ ಬಳ್ಳಾರಿಯಿಂದ.

ಇಷ್ಟವೋ ಕಡ್ಡಾಯವೋ ಎಂದು ದೇಶದ ದೊಡ್ಡ ತಲೆಗಳು ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಕಾಲೇಜುಗಳು ಯಾವ ಆಯೋಗದ ನೆರವೂ ಇಲ್ಲದೆ ಬಗೆಹರಿಸಿದವು: ಸೇರುವುದು ಇಷ್ಟ, ಹಾಜರಾತಿ ಕಡ್ಡಾಯ. ಆದರೆ ಇಷ್ಟೂ ಚರ್ಚೆ ವಿದ್ಯಾರ್ಥಿಯ ಇಷ್ಟದ ಬಗ್ಗೆ. ಕರೆದುಕೊಂಡು ಹೋಗುವ ಮೇಷ್ಟರದು ಇಷ್ಟವೋ ಕಡ್ಡಾಯವೋ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಉತ್ಪತ್ತಿ

ಎನ್ನೆಸ್ಸೆಸ್ ಅಧಿಕಾರಿ ಹುಟ್ಟುವುದು ಸ್ಟಾಫ್ ಮೀಟಿಂಗಿನಲ್ಲಿ. ಹೇಗೆ ಎಂಬ ವಿಷಯದಲ್ಲಿ ಮತಭೇದವಿದೆ. ಅನುಪಸ್ಥಿತಿವಾದಿಗಳ ಪ್ರಕಾರ ಆ ದಿನ ರಜೆ ಹಾಕಿದವನೇ ಅಧಿಕಾರಿ. ಕನ್ನಡವಾದಿಗಳ ಪ್ರಕಾರ ಅದು ಕನ್ನಡ ಮೇಷ್ಟರ ಪಿತ್ರಾರ್ಜಿತ ಆಸ್ತಿ: “ನಿಮಗೆ ಮಾತು ಚೆನ್ನಾಗಿ ಬರುತ್ತೆ ಸಾರ್, ಹಳ್ಳಿಯವರ ಜೊತೆ ಹೊಂದ್ಕೋತೀರಿ.” ರಸಾಯನಶಾಸ್ತ್ರದವರಿಗೆ ಹಳ್ಳಿಯವರೊಡನೆ ಮಾತು ಬರುವುದಿಲ್ಲ ಎಂಬ ಗೃಹೀತ ಇದರಲ್ಲಿ ಅಡಗಿದೆ, ಆ ರಸಾಯನಶಾಸ್ತ್ರದವರು ಊರಲ್ಲಿ ಹತ್ತು ಎಕರೆ ಅಡಿಕೆ ಮಾಡುತ್ತಾರೆ ಎಂಬುದು ಗಣನೆಗೆ ಬರುವುದಿಲ್ಲ. ಅವಿವಾಹಿತವಾದ ಎಂಬ ಮೂರನೆಯ ಶಾಖೆಯೂ ಇದೆ. “ನೀವಿನ್ನೂ ಸಿಂಗಲ್ಲು, ಏನು ತಾಪತ್ರಯ?” ಎಂಬುದು ಅದರ ಏಕೈಕ ಸೂತ್ರ. ಅಧಿಕಾರಾವಧಿ ಮೂರು ವರ್ಷ, ಹೆಚ್ಚೆಂದರೆ ಇನ್ನೊಂದು ಎಂದು ನಿಯಮ ಹೇಳುತ್ತದೆ. ಚಾರ್ಜ್ ತೆಗೆದುಕೊಳ್ಳುವವನು ಸಿಗುವವರೆಗೆ ಎಂದು ಅನುಭವ ಹೇಳುತ್ತದೆ.

ಅಧಿಕಾರಿ ಒಬ್ಬನೇ ಹುಟ್ಟುವುದಿಲ್ಲ. ಜೊತೆಗೆ ಒಬ್ಬ ಅತಿಥಿ ಉಪನ್ಯಾಸಕ ಹುಟ್ಟುತ್ತಾನೆ. ಅವನ ಹೆಸರಿನಲ್ಲಿ ಅತಿಥಿ ಎಂದಿರುವುದರಿಂದ ಅವನಿಗೆ ಉಳಿದೆಲ್ಲ ಕೆಲಸ. ಹೆಣ್ಣುಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಒಬ್ಬರು ಮೇಡಂ ಕಡ್ಡಾಯ. ಸಹಶಿಬಿರಾಧಿಕಾರಿ ಎಂಬ ಬಿರುದು ಹೊತ್ತು, ಮನೆಯಲ್ಲಿ ಅತ್ತೆಗೂ ಮಗುವಿಗೂ ಏಳು ದಿನದ ವ್ಯವಸ್ಥೆ ಮಾಡಿ, ಬಸ್ಸಿನಲ್ಲಿ ಕೂತ ಮೇಲೆ ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿದೆ ಎಂದು ಫೋನಿನಲ್ಲಿ ಹೇಳುವವರು ಇವರೇ. ಶಿಬಿರದ ಯಶಸ್ಸಿಗೆ ಕಾರಣರಾದವರ ಪಟ್ಟಿಯಲ್ಲಿ ಇವರ ಹೆಸರು ಶಾಮಿಯಾನದವನ ನಂತರ ಬರುತ್ತದೆ.

ಚಕ್ರ ಮತ್ತು ಅರವತ್ತನಾಲ್ಕು

ಎನ್ನೆಸ್ಸೆಸ್ ಲಾಂಛನ ಕೊನಾರ್ಕದ ಸೂರ್ಯ ದೇವಾಲಯದ ರಥಚಕ್ರ. ಅದರ ಎಂಟು ಅರಗಳು ದಿನದ 24 ಗಂಟೆಗಳ ಸಂಕೇತ. ಬ್ಯಾಡ್ಜ್ ತೊಟ್ಟವನು ಹಗಲಿರುಳೂ ಸೇವೆಗೆ ಸಿದ್ಧನಿರಬೇಕು ಎಂದು ಅರ್ಥ. ವಿದ್ಯಾರ್ಥಿಗಳಿಗೆ ಇದನ್ನು ಮೊದಲ ದಿನವೇ ವಿವರಿಸಲಾಗುತ್ತದೆ, ಅವರು ತಲೆದೂಗುತ್ತಾರೆ, ಒಂಬತ್ತೂವರೆಗೆ ಗೊರಕೆ ಹೊಡೆಯುತ್ತಾರೆ. ಎಂಟೂ ಅರಗಳನ್ನು ಅಕ್ಷರಶಃ ಆಚರಿಸುವ ಜೀವಿ ಶಿಬಿರದಲ್ಲಿ ಒಂದೇ. ಅದರ ಅಂಗಿಯ ಮೇಲೆ ಬ್ಯಾಡ್ಜೇ ಇರುವುದಿಲ್ಲ, ಯಾಕೆಂದರೆ ಕಡಿಮೆ ಬಿದ್ದಾಗ ಬಿಚ್ಚಿ ಯಾವುದೋ ಹುಡುಗನಿಗೆ ಕೊಟ್ಟಾಗಿದೆ.

ಇನ್ನು ಅರ್ಥಶಾಸ್ತ್ರ. ಬಹುಕಾಲ ಚಾಲ್ತಿಯಲ್ಲಿದ್ದ ದರದಂತೆ ವಿಶೇಷ ಶಿಬಿರಕ್ಕೆ ತಲಾ ₹450, ಘಟಕದ ಐವತ್ತು ಮಂದಿಗೆ ₹22,500. ಏಳು ದಿನಕ್ಕೆ ಭಾಗಿಸಿದರೆ ತಲೆಗೆ ದಿನಕ್ಕೆ ₹64 ಮತ್ತು ಚಿಲ್ಲರೆ. ಭಾರತೀಯ ಪರಂಪರೆಯಲ್ಲಿ ವಿದ್ಯೆಗಳೂ ಅರವತ್ತನಾಲ್ಕೇ ಎಂಬುದನ್ನು ಸಹೃದಯರು ಗಮನಿಸಬೇಕು. ಇದು ಕಾಕತಾಳೀಯವಲ್ಲ. ಈ ಅರವತ್ತನಾಲ್ಕು ರೂಪಾಯಿಯಲ್ಲಿ ಬೆಳಗಿನ ಕಾಫಿ, ತಿಂಡಿ, ಎರಡು ಊಟ, ಬಸ್ಸು, ಫ್ಲೆಕ್ಸು, ಹಾರ, ಶಾಲು, ನೆನಪಿನ ಕಾಣಿಕೆ, ಉಪನ್ಯಾಸಕರನ್ನು ಕರೆತರುವ ಕಾರು ಎಲ್ಲವೂ ಹೊರಡಬೇಕು. ಹೊರಡಿಸಲು ಅರವತ್ತನಾಲ್ಕು ವಿದ್ಯೆಯೂ ಬೇಕು. ಅದರಲ್ಲಿ ಮುಖ್ಯವಾದದ್ದು ದಾನಿಗಳ ಮನೆ ಮುಂದೆ ನಿಂತು, ಅಕ್ಕಿ ಕೇಳಲು ಬಂದಿಲ್ಲ, ಸುಮ್ಮನೆ ಮಾತಾಡಿಸಲು ಬಂದೆವು ಎಂಬಂತೆ ಮುಖ ಇಟ್ಟುಕೊಳ್ಳುವ ವಿದ್ಯೆ. ಊರಿನ ಜನ ಇದನ್ನು ದೂರದಿಂದಲೇ ಗುರುತಿಸುತ್ತಾರೆ. “ಎಷ್ಟ್ ಮೂಟೆ ಬೇಕು ಮೇಷ್ಟ್ರೇ?” ಎಂದು ಕೂತಲ್ಲಿಂದಲೇ ಕೇಳಿ ವಿದ್ಯೆಯ ಮಾನ ಕಳೆಯುತ್ತಾರೆ. ನಮ್ಮ ಸಿದ್ಧಾಂತಕ್ಕೆ ಇದು ಮೊದಲ ಪುರಾವೆ: ಸೇವೆ ಮಾಡಲು ಹೋದ ಐವತ್ತು ಮಂದಿಯ ಹೊಟ್ಟೆಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಒಂದು ದಿನದ ಮುದ್ದೆ ಬಸ್ಸಾರು ಹಾಕಿದ್ದು ಸೇವೆ ಪಡೆಯಬೇಕಾದ ಊರು. ಬೇಯಿಸಿದ್ದು ಅದೇ ಶಾಲೆಯ ಬಿಸಿಯೂಟದ ಅಡುಗೆಯವ್ವಂದಿರು.

ನೀರುಗಂಟಿ

ಶಿಬಿರದ ಉದ್ಘಾಟನೆಗೆ ಶಾಸಕರು, ಸ್ವಾಮೀಜಿ, ಪಂಚಾಯಿತಿ ಅಧ್ಯಕ್ಷರು, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಬರುತ್ತಾರೆ. ವೇದಿಕೆಯ ಮೇಲಿನ ಕುರ್ಚಿಗಳನ್ನು ನೋಡಿ ಊರಿನ ಅಧಿಕಾರ ಯಾರ ಕೈಯಲ್ಲಿದೆ ಎಂದು ತೀರ್ಮಾನಿಸುವ ಅಧಿಕಾರಿ ಎರಡನೆಯ ದಿನ ಬೆಳಿಗ್ಗೆ ಐದು ಗಂಟೆಗೆ ಅಳುತ್ತಾನೆ. ನಿಜವಾದ ಸಾರ್ವಭೌಮ ವೇದಿಕೆ ಮೇಲಿರಲಿಲ್ಲ. ಅವನು ನೀರುಗಂಟಿ. ಸಭೆಯ ಹಿಂದೆ ಬೇವಿನ ಮರಕ್ಕೆ ಒರಗಿ ನಿಂತು, ಭಾಷಣ ಮುಗಿಯುವ ಮೊದಲೇ ಹೋಗಿಬಿಟ್ಟವನು. ತ್ರೀಫೇಸ್ ಕರೆಂಟು ಯಾವಾಗ ಬರುತ್ತದೆ, ಯಾವ ವಾಲ್ವ್ ತಿರುಗಿಸಿದರೆ ಶಾಲೆಯ ಸಿಂಟೆಕ್ಸಿಗೆ ನೀರು ಏರುತ್ತದೆ, ಯಾವ ಬೀದಿಯ ಪಾಳಿ ಎಷ್ಟು ಹೊತ್ತು, ಎಲ್ಲ ಅವನ ತಲೆಯಲ್ಲಿದೆ. ಕಾಗದದಲ್ಲಿ ಎಲ್ಲೂ ಇಲ್ಲ. ಐವತ್ತು ಮಂದಿ ಬ್ರಷ್ಷಿಗೆ ಪೇಸ್ಟ್ ಹಚ್ಚಿಕೊಂಡು ಸಾಲಾಗಿ ನಿಂತು ನಲ್ಲಿ ತಿರುಗಿಸಿದಾಗ ಬರುವ ಆ ‘ಸುಸ್’ ಎಂಬ ಗಾಳಿಯ ಸದ್ದನ್ನು ಕೇಳಿದವನಿಗೆ ಮಾತ್ರ ರಾಜ್ಯಶಾಸ್ತ್ರ ಅರ್ಥವಾಗುತ್ತದೆ. ಮೂರನೆಯ ದಿನದಿಂದ ನೀರುಗಂಟಿಗೆ ಮೊದಲ ಪಂಕ್ತಿಯಲ್ಲಿ ಎಲೆ. ಸಮಾರೋಪದಲ್ಲಿ ಶಾಲು ಹೊದಿಸಲು ಕರೆದರೆ ಮಾತ್ರ ಬರುವುದಿಲ್ಲ, ಆ ಹೊತ್ತಿಗೆ ಮೇಲಿನ ಕೇರಿಯ ಪಾಳಿ.

ಗೋಡೆ ಶಾಸನ ಮತ್ತು ಶ್ರಮದಾನ

ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗಾಗಿ ಹಳೆಯ ಮೈಸೂರು ಸೀಮೆಯ ಊರೂರು ಶಾಸನ ಕಲೆಹಾಕಿದರು. ಅವರ ಕಾಲಕ್ಕೆ ಇನ್ನೂ ಹುಟ್ಟದಿದ್ದ ಒಂದು ಬಗೆಯೆಂದರೆ ಶಿಬಿರಾರ್ಥಿಗಳ ಗೋಡೆಬರಹ. ಇದನ್ನು ಓದಲು ಪದರಶಾಸ್ತ್ರ ಬೇಕು. ಕಾಂಪೌಂಡ್ ಗೋಡೆಯ ಒಂದು ಮೂಲೆಯಲ್ಲಿ ಸುಣ್ಣದ ಚಕ್ಕೆ ಎದ್ದಿತ್ತು. ಮೇಲಿನ ಪದರದಲ್ಲಿ ಸ್ವಚ್ಛ ಭಾರತದ ಕನ್ನಡಕ. ಅದರ ಕೆಳಗೆ ನೀಲಿ ಅಕ್ಷರದಲ್ಲಿ ಸಂಪೂರ್ಣ ಸಾಕ್ಷರತೆಯ ‘ಕ್ಷ’. ಇನ್ನೂ ಕೆಳಗೆ ಕೆಮ್ಮಣ್ಣಿನ ಬಣ್ಣದಲ್ಲಿ ಕುಟುಂಬ ಯೋಜನೆಯ ‘ಆರತಿಗೊಬ್ಬಳು’; ಕೀರ್ತಿಗೊಬ್ಬನ ಮೇಲೆ ಕರೆಂಟಿನ ಮೀಟರ್ ಬಂದಿತ್ತು. ದೇಶದ ಧ್ಯೇಯಗಳೆಲ್ಲ ಒಂದರ ಮೇಲೊಂದು, ಒಂದೊಂದೂ ಏಳೇಳು ದಿನದ ಶಿಬಿರದ್ದು. ಈ ಸಲದ ನಮ್ಮ ಹುಡುಗರು ಬ್ರಷ್ ಹಿಡಿದು ನಿಂತಾಗ ಊರಿನ ಯಜಮಾನರೊಬ್ಬರು ಬಂದು, “ಬರೀರಪ್ಪ ಬರೀರಿ, ಪ್ರತಿ ಸಲ ನೀವ್ ಸುಣ್ಣ ಹೊಡೀತೀರಿ ಅಂತಲೇ ಪಂಚಾಯ್ತಿಯೋರು ಹೊಡಿಯಲ್ಲ” ಎಂದರು. ಇದಕ್ಕಿಂತ ಖಚಿತವಾದ ಪರಿಣಾಮ ಮೌಲ್ಯಮಾಪನ ನಮ್ಮ ನೋಟಕ್ಕೆ ಬಂದಿಲ್ಲ.

ಶ್ರಮದಾನದ ಗಣಿತ ಸರಳ. ಐವತ್ತು ಜನ, ಹನ್ನೆರಡು ಗುದ್ದಲಿ, ಎಂಟು ಬಾಂಡ್ಲಿ, ಐವತ್ತು ಮೊಬೈಲು. ಉಳಿದ ಶೇಷ ಫೋಟೋಗ್ರಫಿ. ಇಲ್ಲಿ ಜೆಸಿಬಿ ವಿರೋಧಾಭಾಸ ಎಂಬುದನ್ನು ಪರಿಶೀಲಿಸಬೇಕು. ಏಳು ದಿನ ಅಗೆಯಬೇಕಾದ ಚರಂಡಿಯನ್ನು ಜೆಸಿಬಿ ಒಂದು ಬೆಳಿಗ್ಗೆಯಲ್ಲಿ ತೋಡಬಲ್ಲದು. ಅಷ್ಟೇಕೆ, ಉದ್ಘಾಟನೆಯ ಶಾಮಿಯಾನ ಹಾಕಲು ಶಾಲೆಯ ಅಂಗಳ ಸಮ ಮಾಡಿದ್ದೇ ಪಂಚಾಯಿತಿ ಕಳಿಸಿದ ಜೆಸಿಬಿ. ಹಾಗಿದ್ದ ಮೇಲೆ ಹುಡುಗರ ಕೈಯಲ್ಲಿ ಗುದ್ದಲಿ ಯಾಕೆ ಎಂದರೆ, ಅಂಗೈಯಲ್ಲಿ ಬೊಬ್ಬೆ ಏಳಲಿ ಎಂದು. ಇದು ಹಾಸ್ಯವಲ್ಲ, ಪ್ರಸ್ತುತ ಸಂಶೋಧಕ ಇದನ್ನು ಗಂಭೀರವಾಗಿಯೇ ನಂಬಿದ್ದಾನೆ. ಪಕ್ಕದ ಬದುವಿನಲ್ಲಿ ಉದ್ಯೋಗ ಖಾತ್ರಿಯ ಕೆಲಸಕ್ಕೆ ಬಂದಿದ್ದ ಹೆಂಗಸರು ನಮ್ಮವರ ಕಾಲುವೆಯನ್ನು ಎರಡು ದಿನ ನೋಡಿದರು. ಮೂರನೆಯ ದಿನ ಒಬ್ಬಾಕೆ ಸೆರಗು ಸಿಕ್ಕಿಸಿಕೊಂಡು ಬಂದು, ಬಿಕಾಂ ಓದುವ ಹುಡುಗನ ಕೈಯಿಂದ ಗುದ್ದಲಿ ಕಿತ್ತುಕೊಂಡು, “ಸೊಂಟ ಬಗ್ಸು, ತೋಳಲ್ಲಿ ಅಲ್ಲ” ಎಂದು ತೋರಿಸಿಕೊಟ್ಟರು. ಆಕೆಗೆ ಖಾತ್ರಿಯ ಕೂಲಿ ಬದುವಿನ ಕೆಲಸಕ್ಕೆ, ಈ ಪಾಠಕ್ಕಲ್ಲ. ಖಾತ್ರಿಯ 2005ರ ಕಾಯ್ದೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕಾಮಗಾರಿ ಇರಲಿಲ್ಲ. ಅತಿಥಿ ಉಪನ್ಯಾಸಕನಿಗೂ ಆ ಗಂಟೆಗೆ ಕೂಲಿ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಪಾರ್ಥೇನಿಯಂ ಕೀಳುವುದು ಇನ್ನೊಂದು ಸಾಂಪ್ರದಾಯಿಕ ವಿಧಿ. ನಮ್ಮ ಜನ ಕಾಂಗ್ರೆಸ್ ಗಿಡ ಎನ್ನುವ ಇದು ಅಮೆರಿಕ ಖಂಡದ ಕಳೆ. ಇದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಜೀರುಂಡೆಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ಈಗಲೂ ತಿನ್ನುತ್ತಿದೆ, ಶಿಬಿರಾರ್ಥಿಗಳು ಈಗಲೂ ಕೀಳುತ್ತಿದ್ದಾರೆ, ಗಿಡ ಈಗಲೂ ಇದೆ. ಇಬ್ಬರಲ್ಲಿ ಜೀರುಂಡೆಗೆ ಮಾತ್ರ ಮೈ ಕೆರೆತ ಬರುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಅದಕ್ಕಾಗಿ ಅಧಿಕಾರಿ ಬೈಕು ಹತ್ತಿ ಮೆಡಿಕಲ್ ಶಾಪು ಹುಡುಕಬೇಕಿಲ್ಲ.

ಸಮೀಕ್ಷೆ

ಮಧ್ಯಾಹ್ನ ಗ್ರಾಮ ಸಮೀಕ್ಷೆ. ನಾಲ್ಕು ಪುಟದ ನಮೂನೆ ಹಿಡಿದು ಇಬ್ಬಿಬ್ಬರಂತೆ ಮನೆಮನೆಗೆ. ಹಿಂದೆ ಮೇಡಂ. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರ ಮುಂದೆ ನಮ್ಮ ಹುಡುಗಿ ಪೆನ್ನು ಬಿಚ್ಚಿದಳು.

“ಅಜ್ಜಿ, ನಿಮ್ಮನೇಲಿ ಶೌಚಾಲಯ ಇದೆಯಾ?”

“ಐತೆ.”

“ಬಳಸ್ತೀರಾ?”

“ಬಳಸ್ದೆ, ಕುರಿ ಕಟ್ಟಾಕಕ್ಕೆ ಕಟ್ಸಿದ್ದೀವಾ?”

ಹುಡುಗಿ ‘ಹೌದು’ ಕಾಲಂಗೆ ಟಿಕ್ ಹಾಕಿದಳು. ಅಜ್ಜಿ ಮೊರ ಪಕ್ಕಕ್ಕೆ ಸರಿಸಿದರು.

“ಅದ್ಸರಿ ಕಣವ್ವ, ನೀವ್ ಅಷ್ಟೊಂದ್ ಹೆಣ್ಮಕ್ಳು ಇಸ್ಕೂಲ್ನಾಗೆ ಇದ್ದೀರಿ. ಅಲ್ಲಿರೋವೇ ಎರಡು. ಒಂದುಕ್ಕೆ ಚಿಲ್ಕ ಇಲ್ಲ. ನೀವೇನ್ ಮಾಡ್ತೀರಿ?”

ಪ್ರತಿವಾದಿಯ ಈ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಹುಡುಗಿ ಮೇಡಂ ಮುಖ ನೋಡಿದಳು, ಮೇಡಂ ಅವರೆಕಾಯಿ ನೋಡಿದರು. ಮಾರನೆಯ ದಿನ ನಸುಕಿನಿಂದ ಹೆಣ್ಣುಮಕ್ಕಳು ಐದೈದು ಮಂದಿ ಅಜ್ಜಿಯ ಮನೆಗೆ ಹೋದರು. ಹಿತ್ತಿಲಿನ ಹಂಡೆಗೆ ಆಗಲೇ ಉರಿ ಹಾಕಿತ್ತು. “ನಿಮ್ ಮೇಷ್ಟ್ರಮ್ಮಂಗೂ ಹೇಳು, ಬರ್ಲಿ, ನಾಚ್ಕೋಬ್ಯಾಡ ಅನ್ನು” ಎಂದು ಹೇಳಿ ಕಳಿಸಿದ್ದರು. ಸಂಜೆಯ ವಿಶೇಷ ಉಪನ್ಯಾಸದ ವಿಷಯ ಮೊದಲೇ ಅಚ್ಚಾಗಿತ್ತು: ‘ಗ್ರಾಮೀಣರಲ್ಲಿ ನೈರ್ಮಲ್ಯ ಪ್ರಜ್ಞೆ ಮೂಡಿಸುವಲ್ಲಿ ಯುವಜನರ ಪಾತ್ರ’. ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿದರು. ಉಪನ್ಯಾಸಕರು ಕೂತ ಮೇಲೆ, ಪಾಪ ಆ ಮೇಷ್ಟ್ರು ಬಾಳ ದೂರದಿಂದ ಬಂದವ್ರೆ, ಊಟ ಹಾಕ್ಸಿ ಎಂದರು.

ಇಲ್ಲಿ ವಿದೇಶಿ ವಿದ್ವಾಂಸರೊಬ್ಬರನ್ನು ಕರೆಯದಿದ್ದರೆ ಪ್ರಬಂಧಕ್ಕೆ ಘನತೆ ಬರುವುದಿಲ್ಲ. ಇವಾನ್ ಇಲಿಚ್ 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತಾಡಿದರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಬನ್ನಿ, ಉದ್ಧಾರ ಮಾಡುತ್ತೇವೆಂದು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ಸಾರ. ಕೆಲಸ ಮಾಡುವುದಿದ್ದರೆ ನಿಮ್ಮ ನೆಲದಲ್ಲೇ ಮಾಡಿ, ಅಲ್ಲಿ ಜನರೊಡನೆ ಮಾತಾಡುವುದು ನಿಮಗೆ ಗೊತ್ತಿರುತ್ತದೆ, ಸೋತರೆ ಸೋತೆವೆಂದಾದರೂ ತಿಳಿಯುತ್ತದೆ ಎಂದರು. ಮುಂದಿನ ವರ್ಷವೇ ನಮ್ಮಲ್ಲಿ ಎನ್ನೆಸ್ಸೆಸ್ ಶುರುವಾದದ್ದರಿಂದ ಇಲಿಚ್ ಭಾಷಣ ಮೆಕ್ಸಿಕೋದ ಜೀರುಂಡೆಯಷ್ಟು ಪರಿಣಾಮಕಾರಿಯಾಗಿ ಇಲ್ಲಿಗೆ ತಲುಪಲಿಲ್ಲ ಎಂದು ಊಹಿಸಬಹುದು. ಆದರೆ ಇಲಿಚರನ್ನು ಒಪ್ಪುತ್ತಲೇ ಒಂದು ತಿದ್ದುಪಡಿ ಸೂಚಿಸಬೇಕಾಗಿದೆ. ನಮ್ಮ ಶಿಬಿರದ ಪುಣ್ಯವೆಂದರೆ ಊರಿನವರಿಗೂ ನಮಗೂ ಭಾಷೆ ಒಂದೇ. ಸೋತದ್ದು ನಮಗೆ ತಿಳಿಯಿತು, ಚಿಲಕದ ಸಮೇತ ತಿಳಿಯಿತು. ಆ ಹುಡುಗಿ ನಮೂನೆಯ ಹಿಂಬದಿಯಲ್ಲಿ ಅಜ್ಜಿಯ ಪ್ರಶ್ನೆಯನ್ನು ಬರೆದುಕೊಂಡಿದ್ದಳು. ಇಂಥ ಪ್ರಶ್ನೆ ಬರುವ ಹೊತ್ತಿಗೆ ಹುಡುಗಿಯನ್ನು ಆ ಜಗುಲಿಯ ಮುಂದೆ ನಿಲ್ಲಿಸಿರುವುದು, ಮತ್ತು ಪ್ರಶ್ನೆ ಬಂದಾಗ ತಾನು ಬಾಯಿ ಹಾಕದಿರುವುದು ಸಿಬ್ಬಂದಿಯ ಕೆಲಸ. ಉಳಿದದ್ದೆಲ್ಲ ಸಾಮಾನು ಸಾಗಣೆ.

ರಾತ್ರಿ

ರಾತ್ರಿಯ ಕರ್ತವ್ಯ ಎಣಿಕೆ. ತರಗತಿಯ ಕೋಣೆಯ ಬಾಗಿಲಿಗೆ ಬೆಂಚು ಅಡ್ಡವಿಟ್ಟು, ಟಾರ್ಚಿನ ಬೆಳಕಿನಲ್ಲಿ ಕಂಬಳಿಗಳನ್ನು ಎಣಿಸಬೇಕು. ಒಂದು ಕಡಿಮೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಅವನು ಟೆರೇಸಿನ ಮೇಲೆ ನೆಟ್‌ವರ್ಕ್ ಹುಡುಕುತ್ತಿರುತ್ತಾನೆ. ಒಂದು ಜಾಸ್ತಿ ಬಂದರೆ ಇನ್ನೂ ಕಷ್ಟ. ಅದು ಊಟಕ್ಕೆ ಬಂದು ಅಲ್ಲೇ ನಿದ್ದೆಹೋದ ಊರಿನ ಹುಡುಗ, ಅವನ ತಾಯಿ ಬೀದಿಯಲ್ಲಿ ಕೂಗುತ್ತಿರುತ್ತಾಳೆ. ಪ್ರೇಮ ಪ್ರಕರಣಗಳ ಬಗ್ಗೆ ಈ ಪ್ರಬಂಧ ಮೌನ ವಹಿಸುತ್ತದೆ, ಮೇಡಂ ವಹಿಸಿದ ಹಾಗೆ. ಕೊನೆಯ ರಾತ್ರಿಯ ಶಿಬಿರಾಗ್ನಿ, ಅದರ ಸುತ್ತ ಉಕ್ಕುವ ಕಣ್ಣೀರು ಇತ್ಯಾದಿಗಳನ್ನು ಅನ್ಯರು ಸಾಕಷ್ಟು ವರ್ಣಿಸಿದ್ದಾರೆ. ಎರಡನೆಯ ದಿನ ಉಪ್ಪಿಟ್ಟನ್ನು ಸಿಮೆಂಟ್ ಎಂದವರೇ ಅಡುಗೆಯವ್ವನ ಹೆಗಲ ಮೇಲೆ ಅತ್ತರು ಎಂದಷ್ಟೇ ದಾಖಲಿಸಿ ಮುಂದೆ ಹೋಗೋಣ.

ಲಯ

ಶಿಬಿರಾಧಿಕಾರಿ ಲಯವಾಗುವುದು ಕಾಗದದಲ್ಲಿ. ಟೊಮೆಟೊ ಮಾರಿದ ಅಜ್ಜ ಜಿಎಸ್‌ಟಿ ಬಿಲ್ ಕೊಡಲಿಲ್ಲ, ಸೌದೆ ಒಡೆದವನು ಹೆಬ್ಬೆಟ್ಟು ಒತ್ತಿದ, ಹೆಬ್ಬೆಟ್ಟಿಗೆ ಸಾಕ್ಷಿ ಬೇಕು. ವೋಚರುಗಳಿಗೆ ಕ್ರಮಸಂಖ್ಯೆ ಹಾಕಿ, ಹಣಬಳಕೆ ಪ್ರಮಾಣಪತ್ರ ತಯಾರಿಸಿ, ಒಡೆದ ಬಕೆಟ್ಟನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಏನೆಂದು ಬರೆಯಬೇಕೆಂದು ಹಿರಿಯರನ್ನು ಕೇಳಿ, ಕೊನೆಗೆ ವರದಿಯ ನಮೂನೆಗೆ ಬಂದು ನಿಂತೆವು. ಶಿಬಿರಾರ್ಥಿಗಳ ಸಂಖ್ಯೆ: 50. ಸಿಬ್ಬಂದಿ: 3. ಅದರ ಕೆಳಗಿನ ಕಾಲಂ ‘ಫಲಾನುಭವಿಗಳ ಸಂಖ್ಯೆ’.

ಇಷ್ಟು ಹೊತ್ತು ಮಂಡಿಸಿದ ಸಿದ್ಧಾಂತವನ್ನು ಆಚರಣೆಗೆ ತರಲು ಇದೇ ಜಾಗ ಎಂದು ತೀರ್ಮಾನಿಸಿ, ಅತಿಥಿ ಉಪನ್ಯಾಸಕನೊಡನೆ ಸಮಾಲೋಚಿಸಿ, 53 ಎಂದು ಬರೆದು ಮೇಲಿನ ಕಚೇರಿಗೆ ಕಳಿಸಿದೆವು. ವಾರದಲ್ಲಿ ವರದಿ ವಾಪಸು ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಷರಾ: “ಸೇವೆ ಸಲ್ಲಿಸಿದವರ ಹಾಗೂ ಫಲಾನುಭವಿಗಳ ಸಂಖ್ಯೆ ಒಂದೇ ಆಗಿರುತ್ತದೆ. ಪರಿಶೀಲಿಸಿ, ಸರಿಪಡಿಸಿ ಸಲ್ಲಿಸುವುದು.”

ಪಂಚಾಯಿತಿ ಕಚೇರಿಯ ಬೋರ್ಡಿನ ಫೋಟೋ ಮೊಬೈಲಿನಲ್ಲಿತ್ತು, ಅಕ್ಷಾಂಶ ರೇಖಾಂಶ ಸಮೇತ. ಅದರಲ್ಲಿದ್ದ 2011ರ ಜನಗಣತಿಯ ಒಟ್ಟು ಸಂಖ್ಯೆಯನ್ನು ಹಾಗೇ ಇಳಿಸಿ ಕಳಿಸಿದೆವು. ವರದಿ ಸ್ವೀಕೃತವಾಯಿತು.